ವಾರಕ್ಕೆ ಎಷ್ಟಾಗುತ್ತೆ?

ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಯಾರ ಮನೆ ಬಾಗಿಲಲ್ಲಾದರೂ ನಿಂತು, ‘ನಿಮಗೆ ವಾರಕ್ಕೆ ಊಟ ತಿಂಡಿ ಸಾಮಾನಿಗೆ ಎಷ್ಟಾಗುತ್ತೆ?’ ಎಂದು ಕೇಳಿದರೆ ಉತ್ತರಕ್ಕೆ ಮುಂಚೆ ಮೂರು ನಾಲ್ಕು ಪ್ರಶ್ನೆಗಳು ಬರುತ್ತವೆ. ‘ಬರೀ ತರಕಾರೀನಾ, ದಿನಸೀನೂ ಸೇರಿಸಿ ಹೇಳ್ಬೇಕಾ?’ ‘ಹಾಲಿನ ಲೆಕ್ಕ ಬೇರೆ, ಅದೂ ಬೇಕಾ?’ ‘ಅಕ್ಕಿ ಮೂಟೆ ಹೋದ ತಿಂಗಳು ತಂದಿದ್ದು, ಅದನ್ನ ಹೆಂಗೆ ಹೇಳೋದು?’ ಅಷ್ಟರಲ್ಲಿ ಒಳಗಿನಿಂದ ಯಜಮಾನರ ದನಿ: ‘ಸಾವಿರ, ಸಾವಿರದೈನೂರು ಆಗ್ಬಹುದು ಬಿಡಿ.’ ಅವರು ಕೊನೆಯ ಸಲ ಸೊಪ್ಪು ತಂದದ್ದು ಯಾವ ಕಾಲದಲ್ಲಿ ಎಂಬುದು ಮನೆಯಾಕೆಯ ಮುಖ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ತಬ್ಬಿಬ್ಬಿಗೆ ಕಾರಣ ಪ್ರಶ್ನೆಯೊಳಗಿರುವ ವಾರ. ಇಲ್ಲಿಯ ಅಡುಗೆಮನೆಗೆ ಹಾಲು ದಿನಾ ಬರುತ್ತದೆ, ಸೊಪ್ಪು ದಿನ ಬಿಟ್ಟು ದಿನ. ತರಕಾರಿ ಮುಗಿದಾಗ ಬರುತ್ತದೆ, ಅಥವಾ ಬೀದಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ಆಟೋ ‘ಐವತ್ತಕ್ಕೆ ಎರಡು ಕೇಜಿ’ ಎಂದು ಕೂಗಿದಾಗ. ಬೇಳೆ, ಎಣ್ಣೆ, ಸಕ್ಕರೆ ಸಂಬಳವಾದ ಮೇಲೆ ಚೀಟಿ ಬರೆದು ತರುವ ತಿಂಗಳ ದಿನಸಿಗೆ ಸೇರಿದವು. ಸೋನಾ ಮಸೂರಿಯ ಇಪ್ಪತ್ತೈದು ಕೇಜಿ ಮೂಟೆಗೆ ತಾರೀಕಿಲ್ಲ, ತಳ ಕಂಡ ದಿನವೇ ಅದರ ದಿನ. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಬೇಸಿಗೆಯಲ್ಲಿ ವರ್ಷಕ್ಕೊಮ್ಮೆ. ತಾರಸಿಯ ಮೇಲೆ ಒಣಗಿಸಿ, ಗಿರಣಿಗೆ ಹಾಕಿಸಿ ಡಬ್ಬ ತುಂಬಿದರೆ ಮುಂದಿನ ಯುಗಾದಿಯ ತನಕ ಆ ಮಾತಿಲ್ಲ. ಇವನ್ನೆಲ್ಲ ಒಂದು ವಾರದ ಅಳತೆಗೆ ತರಬೇಕಾದರೆ ಹೈಸ್ಕೂಲಿನಲ್ಲೇ ಬಿಟ್ಟುಬಂದ ಲ.ಸಾ.ಅ. ಲೆಕ್ಕವನ್ನು ಮತ್ತೆ ತೆಗೆಯಬೇಕಾಗುತ್ತದೆ.

ಉತ್ತರಹಳ್ಳಿ ಎಂಬ ಹೆಸರು ದಕ್ಷಿಣ ಬೆಂಗಳೂರಿನ ಅದೆಷ್ಟೋ ಕ್ರಯಪತ್ರಗಳಲ್ಲಿ ‘ಉತ್ತರಹಳ್ಳಿ ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂದು ಕೂತಿದೆ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚೆ ಇದೇ ಹೆಸರಿನ ವಿಧಾನಸಭಾ ಕ್ಷೇತ್ರ ರಾಜ್ಯದ ಅತಿ ದೊಡ್ಡ ಕ್ಷೇತ್ರಗಳಲ್ಲಿ ಒಂದಾಗಿತ್ತು. ಈಗ ಉತ್ತರಹಳ್ಳಿ ಎಂದರೆ ಚಿಕ್ಕಲ್ಲಸಂದ್ರ, ಸುಬ್ರಹ್ಮಣ್ಯಪುರ, ಕೆಂಗೇರಿ ರಸ್ತೆಗಳ ನಡುವೆ ಒತ್ತೊತ್ತಾಗಿ ಬೆಳೆದ ಬಡಾವಣೆಗಳು. ಇದ್ದ ಹಳ್ಳಿಯ ಹಳೇ ಮನೆ, ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎತ್ತಿ ಬಾಡಿಗೆಗೆ ಕೊಟ್ಟ ಮನೆ, ಈಜುಕೊಳವಿರುವ ಅಪಾರ್ಟ್‌ಮೆಂಟು, ಅದರ ಪಕ್ಕದಲ್ಲಿ ಇನ್ನೂ ಏಳುತ್ತಿರುವ ಅಪಾರ್ಟ್‌ಮೆಂಟಿನ ಕೆಲಸದವರ ತಗಡಿನ ಶೆಡ್ಡು, ಎಲ್ಲಕ್ಕೂ ಒಂದೇ ರಸ್ತೆ, ಒಂದೇ ತಳ್ಳುಗಾಡಿ. ತಳ್ಳುಗಾಡಿಯ ಬೀನ್ಸಿನ ಬೆಲೆ ಎಲ್ಲರಿಗೂ ಒಂದೇ. ಕೊಳ್ಳುವ ಅಳತೆ ಮಾತ್ರ ಕಾಲು ಕೇಜಿಯಿಂದ ಎರಡು ಕೇಜಿಯವರೆಗೆ ಏರಿಳಿಯುತ್ತದೆ.

‘ಎಷ್ಟಾಗುತ್ತೆ’ ಎಂಬ ಪ್ರಶ್ನೆಗೆ ಜನ ತಡವರಿಸುತ್ತಾರೆಂಬುದು ಸರ್ಕಾರಕ್ಕೂ ಹಳೆಯ ಅನುಭವ. 1950ರಲ್ಲಿ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆಗಿನಿಂದಲೂ ಮನೆಮನೆಗೆ ಹೋಗಿ ಇದನ್ನೇ ಕೇಳುತ್ತಿದೆ. ಸಂಖ್ಯಾಶಾಸ್ತ್ರಜ್ಞರು ಕಂಡುಕೊಂಡದ್ದು ಒಂದು ವಿಚಿತ್ರ: ‘ಕಳೆದ ಏಳು ದಿನದಲ್ಲಿ ಏನೇನು ತಿಂದಿರಿ’ ಎಂದರೆ ಖರ್ಚು ಹೆಚ್ಚು ಬರುತ್ತದೆ, ‘ಕಳೆದ ಮೂವತ್ತು ದಿನದಲ್ಲಿ’ ಎಂದರೆ ಕಡಿಮೆ. ತಿಂಗಳ ಹಿಂದಿನ ಬದನೆಕಾಯಿ ಯಾರ ನೆನಪಿನಲ್ಲಿರುತ್ತದೆ? 1999–2000ರ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು ಕೇಳಿದರು. ಒಂದಕ್ಕೆ ಹೇಳಿದ ಉತ್ತರ ಇನ್ನೊಂದರ ಮೇಲೆ ನೆರಳು ಹಾಕಿತು. ದೇಶದಲ್ಲಿ ಬಡತನ ಇಳಿಯಿತೋ ಇಲ್ಲವೋ ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳವಾಡಿದರು. ದೇಶದ ಬಡತನದ ಲೆಕ್ಕ ನಿಂತಿದ್ದು ಹೋದ ವಾರದ ಹುಳಿಗೆ ಏನು ಹಾಕಿದ್ದಿರಿ ಎಂಬ ನೆನಪಿನ ಮೇಲೆ.

ಈಗಿನ ಸಮೀಕ್ಷೆ ಜಾಣವಾಗಿದೆ. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಎಣ್ಣೆ, ಮಸಾಲೆ, ಕಾಫಿ–ಟೀ, ಕುರುಕಲು ಇವಕ್ಕೆ ಏಳು ದಿನದ ಲೆಕ್ಕ. ಅಕ್ಕಿ, ಬೇಳೆ, ಸಕ್ಕರೆ, ಹಾಲಿಗೆ ಮೂವತ್ತು ದಿನ. ಬಟ್ಟೆಬರೆ, ಫ್ರಿಜ್ಜಿಗೆ ವರ್ಷ. ಉತ್ತರಹಳ್ಳಿಯ ಗೃಹಿಣಿ ಬಾಗಿಲಲ್ಲಿ ನಿಂತು ಕೇಳಿದ ಮರುಪ್ರಶ್ನೆಗಳನ್ನೇ ದಿಲ್ಲಿಯವರು ಅರ್ಧ ಶತಮಾನ ತಡವಾಗಿ ಒಪ್ಪಿಕೊಂಡಂತಾಯಿತು.

ಆ ಸಮೀಕ್ಷೆಯ 2023–24ರ ಅಂಕಿಯ ಪ್ರಕಾರ ಕರ್ನಾಟಕದ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 8,076 ರೂಪಾಯಿ. ದೇಶದ ನಗರವಾಸಿಗಳು ತಮ್ಮ ಖರ್ಚಿನಲ್ಲಿ ಶೇ 39.68ನ್ನು ಊಟ ತಿಂಡಿಗೆ ಹಾಕುತ್ತಾರೆ. ಎರಡನ್ನೂ ಜೋಡಿಸಿ ಗುಣಿಸಿದರೆ ಒಬ್ಬರಿಗೆ ತಿಂಗಳಿಗೆ 3,200 ರೂಪಾಯಿ ಚಿಲ್ಲರೆ. ನಾಲ್ಕು ಜನರ ಮನೆಗೆ ವಾರಕ್ಕೆ ಹೆಚ್ಚುಕಡಿಮೆ 3,000. ಇದು ಕಾಗದದ ಮೇಲಿನ ಅಂದಾಜು. ದೇಶದ ಪಾಲನ್ನು ರಾಜ್ಯಕ್ಕೆ ಅಂಟಿಸಿದ್ದು, ಅದರ ಮೇಲೆ ಬೆಲೆಗಳು ಮತ್ತೆ ಏರಿವೆ. ಆದರೂ ಈ 3,000ವನ್ನು ಹಿಡಿದು ಬೀದಿಗಿಳಿದರೆ ಒಂದು ಮನೆಯಲ್ಲಿ ‘ಅಷ್ಟೇನಾ?’ ಎಂದು ನಗುತ್ತಾರೆ, ನಾಲ್ಕು ಮನೆ ಆಚೆಗೆ ‘ಅಷ್ಟೊಂದಾ!’ ಎನ್ನುತ್ತಾರೆ. ಸರಾಸರಿ ಇಬ್ಬರ ಮನೆಯಲ್ಲೂ ಉಣ್ಣುವುದಿಲ್ಲ.

ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಏಂಗೆಲ್ 1857ರಲ್ಲೇ ಬೆಲ್ಜಿಯಂನ ಕೂಲಿಕಾರರ ಮನೆಗಳ ಲೆಕ್ಕಪತ್ರ ನೋಡಿ ಹೇಳಿದ್ದ: ಮನೆ ಬಡವಾದಷ್ಟೂ ಖರ್ಚಿನಲ್ಲಿ ಊಟದ ಪಾಲು ದೊಡ್ಡದು. ಭಾರತದ ನಗರಗಳಲ್ಲಿ 1999–2000ರಲ್ಲಿ ಅದು ಶೇ 48 ಇತ್ತು, ಈಗ 40ರ ಒಳಗೆ ಬಂದಿದೆ. ಏಂಗೆಲ್ ಮಾತಿನಂತೆ ಊರು ಸ್ಥಿತಿವಂತವಾಗಿದೆ ಎನ್ನಬೇಕು. ಇನ್ನೊಂದು ಬದಿಯೂ ಇದೆ: ಬಾಡಿಗೆ, ಶಾಲೆಯ ಫೀಜು, ಪೆಟ್ರೋಲು ಇವೆಲ್ಲ ಎಲೆಯ ಮುಂದೆ ಕೂತವರನ್ನು ಒತ್ತರಿಸಿಕೊಂಡು ಜಾಗ ಮಾಡಿಕೊಂಡಿವೆ.

ವಾರದ ಈ ಲೆಕ್ಕದಲ್ಲಿ ಜಗಳಕ್ಕೆ ಅವಕಾಶವಿಲ್ಲದ ಒಂದೇ ಸಾಲು ಹಾಲು. ಮಕ್ಕಳಿಗೆ, ಕಾಫಿಗೆ, ಹೆಪ್ಪಿಗೆ ಎಂದು ದಿನಕ್ಕೆ ಒಂದೂವರೆ ಲೀಟರ್ ನಂದಿನಿ ನೀಲಿ ಪ್ಯಾಕೆಟ್ ಹಿಡಿದರೆ, ಲೀಟರಿಗೆ 46ರಂತೆ ವಾರಕ್ಕೆ 483 ರೂಪಾಯಿ. ಈ 46ಕ್ಕೆ ಹಾಲು ಏರಿದ ಪರಿಯೂ ಸ್ವಾರಸ್ಯದ್ದು. 2024ರ ಜೂನ್ ಕೊನೆಯಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಹೆಚ್ಚಿಗೆ ತುಂಬಿ ಎರಡು ರೂಪಾಯಿ ಸೇರಿಸಿದರು. ಬೆಲೆ ಏರಿಕೆಯಲ್ಲ, ಹೆಚ್ಚಿನ ಹಾಲಿಗೆ ಹೆಚ್ಚಿನ ಹಣ ಎಂಬ ವಿವರಣೆ ಬಂತು. 2025ರ ಏಪ್ರಿಲ್ 1ರಂದು ಆ 50 ಮಿ.ಲೀ. ವಾಪಸ್ ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ತುಪ್ಪದ್ದು ಇನ್ನೂ ಚೆಂದ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು; ನವೆಂಬರಿನಲ್ಲಿ 700ಕ್ಕೆ ಹೋಯಿತು. ಹಬ್ಬಕ್ಕೆಂದು ಅಕ್ಟೋಬರಿನಲ್ಲೇ ಡಬ್ಬ ತಂದಿಟ್ಟವರು ಆ ವಾರವೆಲ್ಲ ಬುದ್ಧಿವಂತರಾಗಿ ಓಡಾಡಿದರು. ಕಾಫಿಯದೂ ಇದೇ ಕಥೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಬೆಲೆ ಏರಿದ ಮೇಲೆ ಚಿಕ್ಕಮಗಳೂರಿನ ಬೆಳೆಗಾರರ ಮುಖ ಅರಳಿತು, ಬನಶಂಕರಿಯ ಕಾಫಿಪುಡಿ ಅಂಗಡಿಯಲ್ಲಿ ‘ಚಿಕೋರಿ ಒಂಚೂರು ಜಾಸ್ತಿ ಹಾಕಿ’ ಎನ್ನುವವರು ಕಾಣಿಸಿಕೊಂಡರು.

ಹಾಗಾದರೆ ವಾರ ಎಂಬುದು ಯಾರಿಗೆ ನಿಜ? ತಗಡಿನ ಶೆಡ್ಡಿನವರಿಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿಗೆ ಶನಿವಾರ ಬಟವಾಡೆ. ಶನಿವಾರ ಸಂಜೆ, ಇಲ್ಲವೇ ಭಾನುವಾರ ಬೆಳಗ್ಗೆ ಅವರ ಸಂತೆ. ಜೋಳದ ಹಿಟ್ಟು, ಖಾರದಪುಡಿ, ಈರುಳ್ಳಿ, ಎಣ್ಣೆ, ಮಕ್ಕಳಿಗೊಂದು ಬಿಸ್ಕತ್ತಿನ ಪೊಟ್ಟಣ, ಭಾನುವಾರಕ್ಕೆ ಕೋಳಿ. ಅವರನ್ನು ಕೇಳಿದರೆ ವಾರಕ್ಕೆ ಎಷ್ಟೆಂದು ತಡವರಿಸದೆ ಹೇಳುತ್ತಾರೆ, ಏಕೆಂದರೆ ಬಂದ ಹಣವೂ ವಾರದ್ದು, ಹೋಗುವುದೂ ವಾರದ್ದು. ಮಳೆ ಬಂದು ಎರಡು ದಿನ ಕೆಲಸ ನಿಂತರೆ ಗುರುವಾರದ ಹೊತ್ತಿಗೆ ಎಣ್ಣೆ ಪೊಟ್ಟಣ ಹತ್ತು ರೂಪಾಯಿಯದಕ್ಕೆ ಇಳಿಯುತ್ತದೆ. ಐದು ಲೀಟರಿನ ಡಬ್ಬ ಕೊಳ್ಳುವ ಮನೆಗಿಂತ ಆ ಪುಟ್ಟ ಪೊಟ್ಟಣದವರೇ ಲೀಟರಿಗೆ ಹೆಚ್ಚು ಬೆಲೆ ತೆರುತ್ತಾರೆ. ತಿಂಗಳ ಸಂಬಳ ಎಂಬುದು ಒಂದು ಬಗೆಯ ರಿಯಾಯಿತಿ ಕಾರ್ಡೂ ಹೌದು.

ಅಕ್ಕಿಯ ಮಾತು ಬೇರೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಬಿಪಿಎಲ್ ಮನೆಗಳಿಗೆ ಕೇಜಿಗೆ ಒಂದು ರೂಪಾಯಿಯಂತೆ ಅಕ್ಕಿ. 2023ರಲ್ಲಿ ಒಬ್ಬರಿಗೆ ಹತ್ತು ಕೇಜಿ ಎಂದು ಮಾತು ಕೊಟ್ಟ ಸರ್ಕಾರ, ಅಕ್ಕಿ ಸಿಗದೆ, ಐದು ಕೇಜಿ ಅಕ್ಕಿ, ಉಳಿದ ಐದರ ಬದಲು ಕೇಜಿಗೆ 34ರಂತೆ 170 ರೂಪಾಯಿ ಖಾತೆಗೆ ಹಾಕಿತು. 2025ರ ಆರಂಭದಲ್ಲಿ ಹಣ ನಿಂತು ಮತ್ತೆ ಅಕ್ಕಿಯೇ ಬಂತು. ಪುಕ್ಕಟೆ ಅಕ್ಕಿ ಬರುವ ಮನೆಯ ವಾರದ ಚೀಟಿಯಲ್ಲಿ ಅಕ್ಕಿ ಎಂಬ ಸಾಲೇ ಇರುವುದಿಲ್ಲ. ಸಮೀಕ್ಷೆಯವರು ಈ ಕಾರಣಕ್ಕೇ ಎರಡು ಲೆಕ್ಕ ಇಡುತ್ತಾರೆ: ಪುಕ್ಕಟೆ ಸಾಮಾನಿಗೆ ಬೆಲೆ ಕಟ್ಟಿ ಸೇರಿಸಿದ್ದು ಒಂದು, ಸೇರಿಸದ್ದು ಇನ್ನೊಂದು. ಹಾಗೆಯೇ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ. ಉತ್ತರಹಳ್ಳಿಯಿಂದ ಬಸ್ಸು ಹತ್ತಿ ಬೆಳಗ್ಗೆ ಬೆಳಗ್ಗೆಯೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಎರಡು ಕೈಚೀಲ ತುಂಬ ತರಕಾರಿ ತರುವುದು ಈಗ ಲಾಭದ ವ್ಯಾಪಾರ. ಮುಂಚೆ ಉಳಿತಾಯವನ್ನೆಲ್ಲ ಟಿಕೆಟ್ಟೇ ತಿನ್ನುತ್ತಿತ್ತು.

ಸರಾಸರಿಯನ್ನು ಚಿಂದಿ ಮಾಡಿದ ವಾರಗಳೂ ಇವೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೇಜಿ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತು. ಬೆಂಗಳೂರಿನ ಅಂಗಡಿಗಳಲ್ಲಿ ಕೇಜಿಗೆ ನೂರು ಮೀರಿತು. ಸುಮಾರು ಎರಡೂವರೆ ಟನ್ ಟೊಮೇಟೊ ಹೊತ್ತ ವಾಹನವನ್ನೇ ಬೆಂಗಳೂರಿನಲ್ಲಿ ಅಪಹರಿಸಿದ ಪ್ರಕರಣ ಆ ತಿಂಗಳೇ ನಡೆಯಿತು. ಬಂಗಾರದ ಅಂಗಡಿ ಬಿಟ್ಟು ಟೊಮೇಟೊ ಗಾಡಿಗೆ ಕೈಹಾಕಿದ ಆ ಕಳ್ಳರ ಮಾರುಕಟ್ಟೆ ಜ್ಞಾನವನ್ನು ಮೆಚ್ಚಬೇಕು. ಮನೆಗಳಲ್ಲಿ ತಿಳಿಸಾರು ಹುಣಸೆಹಣ್ಣಿಗೆ ಮರಳಿತು, ಟೊಮೇಟೊ ಗೊಜ್ಜು ಮಾಯವಾಯಿತು. ಮಜಾ ಎಂದರೆ ವಾರದ ಖರ್ಚು ಅಂಥಾ ಏರಲಿಲ್ಲ. ಟೊಮೇಟೊ ಕೊಳ್ಳದೇ ಇದ್ದದ್ದರಿಂದ ಉಳಿದ ಹಣ ನುಗ್ಗೆಕಾಯಿಗೋ ಸೀಮೆಬದನೆಗೋ ಹೋಯಿತು. ಸೆಪ್ಟೆಂಬರಿನಲ್ಲಿ ಬೆಲೆ ಬಿದ್ದಾಗ ಅದೇ ಕೋಲಾರದ ರೈತ ಬಾಕ್ಸಿನ ಬಾಡಿಗೆಯೂ ಗಿಟ್ಟದೆ ಕೈಕಟ್ಟಿ ನಿಂತ. ತಿನ್ನುವವರಿಗೆ ಬೆಲೆ ಏರಿಕೆಯ ನೆನಪು ವರ್ಷಗಟ್ಟಲೆ ಇರುತ್ತದೆ, ಇಳಿಕೆಯದು ಮರುದಿನಕ್ಕೇ ಮರೆತುಹೋಗುತ್ತದೆ.

ಈ ಏರಿಳಿತಕ್ಕೆ ಒಂದು ಮದ್ದೆಂದು ಹುಟ್ಟಿದ್ದು ಹಾಪ್‌ಕಾಮ್ಸ್. ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಕಾಲದಲ್ಲಿ, 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಗಿ ಆಮೇಲೆ ಎಲ್ಲ ಹಣ್ಣು ತರಕಾರಿಗೂ ಹರಡಿದ ಸಂಸ್ಥೆ ಅದು. ಬೋರ್ಡಿನ ಮೇಲೆ ಆ ದಿನದ ದರ, ಚೌಕಾಸಿ ಇಲ್ಲ, ತೂಕದಲ್ಲಿ ಮೋಸವಿಲ್ಲ. ಚೌಕಾಸಿ ಇಲ್ಲದ್ದೇ ಕೆಲವರಿಗೆ ಅದರ ದೋಷ. ಬೀದಿಯ ವ್ಯಾಪಾರದ ಸುಖವೆಲ್ಲ ಕೊಸರಿನಲ್ಲಿದೆ. ತೂಗಿದ ಮೇಲೆ ಎರಡು ಬೆಂಡೆಕಾಯಿ, ಕೊನೆಗೆ ಒಂದು ಹಿಡಿ ಕೊತ್ತಂಬರಿ, ಕರಿಬೇವು. ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಚೀಲದ ಬಾಯಿ ಅಗಲಿಸಿ ಹಿಡಿಯುತ್ತಾರೆ ಅಷ್ಟೇ.

ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತರುವ ಆ್ಯಪುಗಳು ಕೊತ್ತಂಬರಿಗೂ ದುಡ್ಡು ಹಾಕಿದಾಗ ದೇಶದ ಅಮ್ಮಂದಿರಿಗೆ ಸಿಟ್ಟು ಬಂದದ್ದು ಸಹಜ. 2024ರ ಮೇನಲ್ಲಿ ಮುಂಬೈನ ಅಂಥ ಒಬ್ಬ ತಾಯಿಯ ದೂರನ್ನು ಮಗ ಜಾಲತಾಣದಲ್ಲಿ ಹಾಕಿದ. ಬ್ಲಿಂಕಿಟ್ ಕಂಪನಿ ತರಕಾರಿ ಕೊಂಡವರಿಗೆ ಕೊತ್ತಂಬರಿ ಪುಕ್ಕಟೆ ಎಂದಿತು. ತಳ್ಳುಗಾಡಿಯ ಶಾಸ್ತ್ರವನ್ನು ಒಂದು ದೊಡ್ಡ ಕಂಪನಿ ತಲೆಬಾಗಿ ಒಪ್ಪಿಕೊಂಡ ಅಪರೂಪದ ಗಳಿಗೆ ಅದು. 2011ರಲ್ಲಿ ಬೆಂಗಳೂರಿನಲ್ಲೇ ಬಿಗ್‌ಬಾಸ್ಕೆಟ್ ಶುರುವಾದಾಗ ಅದು ಜನರಿಗೆ ವಾರದ ಪಟ್ಟಿ ಮಾಡುವುದನ್ನು ಕಲಿಸಿತು: ಶನಿವಾರ ಆರ್ಡರು, ಭಾನುವಾರ ಬುಟ್ಟಿ. ಹತ್ತು ನಿಮಿಷದ ಆ್ಯಪುಗಳು ಆ ಪಟ್ಟಿಯನ್ನು ಹರಿದುಹಾಕಿವೆ. ಈಗ ಅಪಾರ್ಟ್‌ಮೆಂಟಿನ ಗೇಟಿಗೆ ಬೆಳಗ್ಗೆ ಒಂದು ಪ್ಯಾಕೆಟ್ ಬ್ರೆಡ್ಡು, ಮಧ್ಯಾಹ್ನ ನಾಲ್ಕು ನಿಂಬೆಹಣ್ಣು, ರಾತ್ರಿ ಹತ್ತಕ್ಕೆ ಐಸ್‌ಕ್ರೀಮು. ಶೆಡ್ಡಿನವರು ಕೈಯಲ್ಲಿ ಹಣವಿಲ್ಲದೆ ಚಿಲ್ಲರೆಯಾಗಿ ಕೊಳ್ಳುತ್ತಾರೆ, ಹದಿನಾಲ್ಕನೇ ಮಹಡಿಯವರು ತಾಳ್ಮೆಯಿಲ್ಲದೆ ಚಿಲ್ಲರೆಯಾಗಿ ಕೊಳ್ಳುತ್ತಿದ್ದಾರೆ. ಇಬ್ಬರೂ ಸಗಟಿನ ಲಾಭ ಬಿಟ್ಟವರೇ.

ಬೀದಿಯ ವ್ಯಾಪಾರಿ ಫೋನಿನಲ್ಲಿ ಹಣ ಪಡೆಯಲು ಕಲಿತದ್ದು ಅವನಿಗೇ ತಿರುಗುಬಾಣವಾಯಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ, ವರ್ಷಕ್ಕೆ 40 ಲಕ್ಷ ದಾಟಿದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು ಎಂದು 29 ಲಕ್ಷದ ನೋಟಿಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿ ಬಿತ್ತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿಗಳು ಹಳೇ ಬಾಕಿ ಕೇಳುವುದಿಲ್ಲ ಎಂದರು. ಆ ಕೆಲವು ದಿನ ಉತ್ತರಹಳ್ಳಿಯಂಥ ಕಡೆಯ ಸಂಸಾರಗಳಿಗೆ ಒಂದು ಉಪಕಾರವಾಯಿತು ಎನ್ನಬಹುದು: ಪರ್ಸಿನಿಂದ ನೋಟು ತೆಗೆದು ಎಣಿಸಿ ಕೊಟ್ಟಾಗ ಖರ್ಚು ಕಣ್ಣಿಗೆ ಕಂಡಿತು.

ಬೇರೆ ದೇಶಗಳವರ ವಾರ ಹೇಗಿರುತ್ತದೆ ಎಂದು ನೋಡಿದವರು ಪೀಟರ್ ಮೆನ್ಜೆಲ್ ಮತ್ತು ಫೇತ್ ಡಿ’ಅಲೂಸಿಯೊ. ಇಪ್ಪತ್ನಾಲ್ಕು ದೇಶಗಳ ಮೂವತ್ತು ಕುಟುಂಬಗಳನ್ನು ಒಂದು ವಾರದ ಆಹಾರದ ರಾಶಿಯ ಜೊತೆ ಕೂರಿಸಿ ಫೋಟೊ ತೆಗೆದು, ಖರ್ಚು ಬರೆದು, 2005ರಲ್ಲಿ ‘ಹಂಗ್ರಿ ಪ್ಲಾನೆಟ್’ ಎಂಬ ಪುಸ್ತಕ ಮಾಡಿದರು. ಜರ್ಮನಿಯ ಕುಟುಂಬದ ವಾರ 500 ಡಾಲರ್. ಚಾಡ್ ದೇಶದ ನಿರಾಶ್ರಿತರ ಶಿಬಿರದ ಕುಟುಂಬ ಕೈಯಾರೆ ಖರ್ಚು ಮಾಡಿದ್ದು 1 ಡಾಲರ್ 23 ಸೆಂಟು, ಉಳಿದದ್ದು ಪಡಿತರ. ಭಾರತದಿಂದ ಉಜ್ಜಯಿನಿಯ ಒಂದು ಕುಟುಂಬವಿತ್ತು, ವಾರಕ್ಕೆ 1,636 ರೂಪಾಯಿ. ಆ ಫೋಟೊಗ್ರಾಫರ್ ಉತ್ತರಹಳ್ಳಿಗೆ ಬಂದಿದ್ದರೆ ಮೊದಲ ತೊಡಕು ಅಕ್ಕಿ ಮೂಟೆಯದು. ವಾರದ ಪಾಲೆಂದು ಅದರಿಂದ ಎಷ್ಟು ಸೇರು ಅಳೆದು ಚಾಪೆಯ ಮೇಲೆ ಸುರಿಯುವುದು? ಎರಡನೇ ತೊಡಕು ಹೂವು. ಶುಕ್ರವಾರದ ಎರಡು ಮೊಳ ಕನಕಾಂಬರ ಬರುವುದು ತರಕಾರಿ ಚೀಲದಲ್ಲೇ, ದುಡ್ಡು ಹೋಗುವುದು ತರಕಾರಿ ಪರ್ಸಿನಿಂದಲೇ, ಆದರೆ ಹೂವನ್ನು ಯಾರೂ ತಿನ್ನುವುದಿಲ್ಲ. ಬಾಳೆಹಣ್ಣು ದೇವರಿಗೆಂದು ಬಂದು ಮಕ್ಕಳ ಹೊಟ್ಟೆ ಸೇರುತ್ತದೆ. ಅದನ್ನು ಯಾರ ಖಾತೆಗೆ ಬರೆಯಬೇಕು ಎಂಬುದನ್ನು ಪುರೋಹಿತರೂ ಹೇಳಲಾರರು.

ಮೂರನೇ ತೊಡಕು ಹೊರಗಿನ ತಿಂಡಿ. ನಗರದ ಆಹಾರದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಅಕ್ಕಿಗೂ ಇಲ್ಲ, ಹಾಲಿಗೂ ಇಲ್ಲ. ಪಾನೀಯ, ಸಿದ್ಧ ಆಹಾರ, ಹೋಟೆಲಿನ ಊಟ ತಿಂಡಿ ಸೇರಿದ ಬಾಬ್ತು ಒಟ್ಟು ಖರ್ಚಿನ ಶೇ 11ರಷ್ಟಿದೆ. ಇದಕ್ಕೆ ಬೆಂಗಳೂರಿನ ಕಾಣಿಕೆ ಸಣ್ಣದಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಟ್ಟಿದ ಬೆಲೆ ಗಿಟ್ಟದೆ ಎಂಟಿಆರ್ ಪೊಟ್ಟಣದ ಮಿಶ್ರಣಗಳತ್ತ ಹೊರಳಿತು. 2005ರಲ್ಲಿ ಇದೇ ಊರಲ್ಲಿ ಐಡಿ ಎಂಬ ಕಂಪನಿ ದೋಸೆ ಹಿಟ್ಟನ್ನೂ ಪ್ಯಾಕೆಟ್ಟಿಗೆ ಹಾಕಿತು. ರುಬ್ಬುವ ಕಲ್ಲನ್ನು ಕಾಂಪೌಂಡಿನ ಮೂಲೆಯಲ್ಲಿ ಕವುಚಿ ಹಾಕಿದ ಮನೆಯಾಕೆ ಆ ಹಿಟ್ಟಿಗೆ ಕೊಡುವ ಹಣದಲ್ಲಿ ತನ್ನ ಒಂದು ಗಂಟೆಯ ನಿದ್ದೆಯ ಬೆಲೆಯೂ ಸೇರಿದೆ. ಅದು ದುಬಾರಿ ಎನ್ನುವವರು ಸಾಮಾನ್ಯವಾಗಿ ರುಬ್ಬದವರು.

ಇನ್ನು ತೆಂಗಿನಕಾಯಿ. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಮನೆಗಳಲ್ಲಿ ಮಂಚದ ಕೆಳಗೆ ಊರಿನ ಕಾಯಿಯ ಚೀಲ ಇದ್ದೇ ಇರುತ್ತದೆ. ಅದಕ್ಕೆ ದುಡ್ಡು ಕೊಟ್ಟಿರುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಮನೆಯವರ ನಂಬಿಕೆ. 2025ರ ನಡುವಿಗೆ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 25,000 ದಾಟಿ, ಅಂಗಡಿಯ ಕಾಯಿ ಮುಟ್ಟಿದರೆ ಸುಡುವಂತಾದಾಗ ಆ ಚೀಲಕ್ಕೆ ಒಮ್ಮೆಗೇ ಗೌರವ ಬಂತು. ಸಮೀಕ್ಷೆಯವರಲ್ಲಿ ಇದಕ್ಕೂ ನಿಯಮವಿದೆ: ಸ್ವಂತ ತೋಟದ್ದಾದರೆ ತೋಟದ ಬಾಗಿಲಿನ ಬೆಲೆ ಕಟ್ಟಬೇಕು, ಯಾರಾದರೂ ಉಡುಗೊರೆ ಕೊಟ್ಟದ್ದಾದರೆ ಅಂಗಡಿಯ ಬೆಲೆ. ಚೀಲ ಒಂದೇ, ಕಾಯಿ ಒಂದೇ, ಬೆಲೆ ಎರಡು. ತೋಟ ಇನ್ನೂ ತಂದೆಯ ಹೆಸರಿನಲ್ಲಿದ್ದು, ಅಣ್ಣ ಊರಲ್ಲೇ ಇದ್ದು ನೋಡಿಕೊಳ್ಳುತ್ತ, ಪಾಲು ಆಗದೆ ಉಳಿದಿದ್ದರೆ ಅಲ್ಲಿಂದ ಬಂದ ಕಾಯಿ ಸ್ವಂತದ್ದೋ ಉಡುಗೊರೆಯೋ? ಸಮೀಕ್ಷೆಯವನು ಪೆನ್ನು ಹಿಡಿದು ಕಾಯುತ್ತಿದ್ದರೆ ಗಂಡ ಒಂದು ಉತ್ತರ ಹೇಳುತ್ತಾನೆ, ಹೆಂಡತಿ ಇನ್ನೊಂದು. ಊರಿಗೆ ಫೋನು ಹಚ್ಚಿ ಕೇಳಿದರೆ ಅತ್ತಿಗೆಯ ಉತ್ತರ ಮೂರನೆಯದು.